ಮಾತಾಡುವ ಗಡಿಯಾರಕ್ಕೆ ಕನ್ನಡ ಯಾವಾಗ ಬರುತ್ತದೆ?

ಮಾನ್ಯರೇ,

ಗ್ಲಾಕೋಮಾದಿಂದಾಗಿ ಎರಡು ವರ್ಷದಿಂದ ನಮ್ಮ ಅಮ್ಮನಿಗೆ ಕಣ್ಣು ಪೂರ್ತಿ ಕಾಣುವುದಿಲ್ಲ. ರಾತ್ರಿ ಎಚ್ಚರವಾದಾಗಲೆಲ್ಲ ‘ಗಂಟೆ ಎಷ್ಟಾಯ್ತೋ?’ ಎಂದು ಕೂಗುತ್ತಾರೆ, ನಾನು ಎದ್ದು ನೋಡಿ ಹೇಳಬೇಕು. ಈ ಪಾಡು ಕೇಳಿ ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ತಂಗಿ, ಜೂನ್‌ನಲ್ಲಿ ಊರಿಗೆ ಬರುವಾಗ ಮಾತಾಡುವ ಅಲಾರಾಂ ಗಡಿಯಾರ ತಂದಳು. ತಲೆಯ ಮೇಲಿನ ದೊಡ್ಡ ಗುಂಡಿ ಒತ್ತಿದರೆ ಟೈಮ್ ಹೇಳುತ್ತದೆ. ರೇಡಿಯೋ ಕಂಟ್ರೋಲ್ ಬೇರೆ, ತಾನೇ ಸರಿ ಮಾಡಿಕೊಳ್ಳುತ್ತದೆ, ನೀನು ಮುಟ್ಟಲೇ ಬೇಡ ಅಂದಳು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಅಮ್ಮ ಒತ್ತಿದರೆ ‘ಒನ್ ಥರ್ಟಿ ಎಎಂ’ ಅಂತು. ಒನ್ ಅಂದದ್ದು ಅವರಿಗೆ ಗೊತ್ತಾಯಿತು. ಪಾಪ, ಇನ್ನೂ ರಾತ್ರಿ ಅಂದುಕೊಂಡು ಮತ್ತೆ ಹೊದ್ದು ಮಲಗಿದರು.

ಆಮೇಲೆ ತಿಳಿದದ್ದು ಇಷ್ಟು. ಇಂಗ್ಲೆಂಡಿನ ಕಂಬ್ರಿಯಾದ ಆಂಥಾರ್ನ್ ಎಂಬಲ್ಲಿಂದ 60 ಕಿಲೋಹರ್ಟ್ಸ್‌ನಲ್ಲಿ ರೇಡಿಯೋ ಟೈಮ್ ಸಿಗ್ನಲ್ ಬರುತ್ತದೆ, 2007ಕ್ಕೆ ಮುಂಚೆ ರಗ್ಬಿ ಎಂಬ ಊರಿನಿಂದ ಬರುತ್ತಿತ್ತಂತೆ. ಗಡಿಯಾರ ಅದನ್ನು ಹಿಡಿದು ತನ್ನ ಟೈಮ್ ಸರಿ ಮಾಡಿಕೊಳ್ಳುತ್ತದೆ. ದಿನಾಂಕ, ಗಂಟೆ, ನಿಮಿಷ ಎಲ್ಲ ಸೆಕೆಂಡಿಗಿಷ್ಟು ಅಂತ ಬಂದು ತುಂಬಲು ಪೂರ್ತಿ ಒಂದು ನಿಮಿಷ ಬೇಕು. ಅಲ್ಲಾದರೆ ಬ್ಯಾಟರಿ ಹಾಕಿ, ಟಿವಿಯಿಂದ ದೂರ, ಕಿಟಕಿ ಹತ್ತಿರ ಇಟ್ಟರೆ ಸಾಕು. ಆ ಸಿಗ್ನಲ್ ಶಿವಮೊಗ್ಗಕ್ಕೆ ಎಲ್ಲಿ ಬರಬೇಕು? ನಮ್ಮ ದೇಶದಲ್ಲಿ ಇಂಥ ಗಡಿಯಾರ ಹಿಡಿಯುವ ಸಿಗ್ನಲ್ಲೇ ಇಲ್ಲ. ದೆಹಲಿಯಿಂದ ಎಟಿಎ ಎಂಬ ಶಾರ್ಟ್‌ವೇವ್ ಟೈಮ್ ಸಿಗ್ನಲ್ ಒಂದು ಬರುತ್ತಿತ್ತು, ಅದೂ ನಿಂತುಹೋಗಿದೆ.

ಟೈಮ್ ಝೋನ್ ಬದಲಿಸೋಣ ಅಂದರೆ ಒಂದೊಂದು ಗಂಟೆಯಂತೆ ಜಿಗಿಯುತ್ತದೆ. ಇಂಗ್ಲೆಂಡಿಗೂ ನಮಗೂ ಅಲ್ಲಿನ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಆ ಅರ್ಧ ಗಂಟೆ ಎಲ್ಲಿಂದ ತರುವುದು? ಪುಣ್ಯಕ್ಕೆ ಹಿಂದುಗಡೆ ರೇಡಿಯೋ ಆಫ್ ಮಾಡುವ ಸ್ವಿಚ್ ಇತ್ತು. ಆಫ್ ಮಾಡಿ, ಸೆಟ್ ಗುಂಡಿಯನ್ನು ಒತ್ತಿ ಹಿಡಿದು, ಗಂಟೆ ನಿಮಿಷ ಕೈಯಲ್ಲೇ ಇಟ್ಟೆ. ಈಗ ಅದು ಮಾಮೂಲಿ ಕ್ವಾರ್ಟ್ಜ್ ಗಡಿಯಾರ, ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡ್ ಆಚೀಚೆ ಆದರೆ ನಮಗೇನು ತೊಂದರೆ ಇಲ್ಲ. ಅಲಾರಾಂ ಗುಂಡಿ ಕೈಗೆ ಗೊತ್ತಾಗಲಿ ಅಂತ ಅದರ ಮೇಲೆ ಒಂದು ಅಕ್ಕಿಕಾಳನ್ನು ಫೆವಿಕಾಲ್ ಹಾಕಿ ಅಂಟಿಸಿದ್ದೇನೆ.

ಹಾಗಾಗಿ ಹೊರದೇಶದಿಂದ ತರಿಸುವವರು ರೇಡಿಯೋ ಕಂಟ್ರೋಲ್ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಕೈಯಿಂದ ಟೈಮ್ ಇಡಲು ಬರುತ್ತದೆಯೇ ಅಂತ ಮೊದಲು ಕೇಳಿ, ಕೆಲವು ಮಾಡೆಲ್‌ಗಳಲ್ಲಿ ಅದೂ ಇರುವುದಿಲ್ಲ.

ನನ್ನ ನಿಜವಾದ ತಕರಾರು ಬೇರೆ. ಗಡಿಯಾರ ಹೇಳಬೇಕಾದ್ದು ಸೊನ್ನೆಯಿಂದ ಐವತ್ತೊಂಬತ್ತು, ಜೊತೆಗೆ ಬೆಳಿಗ್ಗೆ, ರಾತ್ರಿ ಅಂತ ನಾಲ್ಕು ಮಾತು. ಇಷ್ಟನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿ ಹಾಕಲು ನಮ್ಮಲ್ಲಿ ಯಾರಿಗೂ ಆಗುವುದಿಲ್ಲವೇ? ಮೊಬೈಲ್ ಇದೆಯಲ್ಲ ಅನ್ನಬೇಡಿ, ನಡುರಾತ್ರಿ ನುಣ್ಣನೆಯ ಗಾಜಿನ ಮೇಲೆ ಎಪ್ಪತ್ತೆಂಟರ ಅಮ್ಮ ಎಲ್ಲಿ ಅಂತ ಒತ್ತಬೇಕು? ಹತ್ತರವರೆಗೆ ಇಂಗ್ಲಿಷ್ ಅಂಕಿ ಅವರಿಗೆ ಗೊತ್ತು. ಸೆವೆನ್ನೋ ಇಲೆವೆನ್ನೋ, ಫಿಫ್ಟೀನೋ ಫಿಫ್ಟಿಯೋ ಅನ್ನುವಲ್ಲಿ ತಡವರಿಸುತ್ತಾರೆ. ಮೊನ್ನೆ ರಾತ್ರಿಯೂ ಗುಂಡಿ ಒತ್ತಿದ ಸದ್ದು ಕೇಳಿತು, ಹಿಂದೆಯೇ ಕೂಗು: ‘ಥ್ರೀ ಫಿಫ್ಟಿ ಅಂದ್ರೆ ಎಷ್ಟೋ?’

– ಓದುಗ, ಶಿವಮೊಗ್ಗ