ದೀಪದ ಲೆಕ್ಕ ಇದೆ, ಸರಪಳಿಯ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ಕೃಷ್ಣಾ, ಭೀಮಾ ನದಿಗಳಲ್ಲಿ ಬೋಟ್ ಓಡಿಸಬೇಕು ಎನ್ನುವ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಪಟ್ಟಿ ಮಾಡಿದ 111 ಜಲಮಾರ್ಗಗಳಲ್ಲಿ ಭೀಮೆಯ ಹೆಸರೂ ಇದೆ. ಈ ಮಾತು ಬಂದಾಗಲೆಲ್ಲ ಜೆಟ್ಟಿ ಎಲ್ಲಿ, ಬೋಟ್ ಎಷ್ಟು ದೊಡ್ಡದು, ಟಿಕೆಟ್ ಎಷ್ಟು ಅಂತ ಚರ್ಚೆ ನಡೆಯುತ್ತದೆ. ನೀರಿನಲ್ಲಿ ತೇಲುತ್ತ ದಾರಿ ತೋರಿಸುವ ಬೋಯಾಗಳನ್ನು ಯಾರು ಇಡುತ್ತಾರೆ, ಇಟ್ಟ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಶಹಾಬಾದಿನವನು. ಐಟಿಐಯಲ್ಲಿ ಫಿಟ್ಟರ್ ಕಲಿತು, ಕರಾವಳಿಯಲ್ಲಿ ಗುತ್ತಿಗೆದಾರರೊಬ್ಬರ ಬಳಿ ಬೋಯಾ ರಿಪೇರಿ ಕೆಲಸಕ್ಕೆ ಸೇರಿದೆ. ನಿವೃತ್ತಿಯವರೆಗೂ ಅದೇ ಕೆಲಸ ಮಾಡಿದೆ. ಊರಲ್ಲಿ ಕೂತು ಈಗಲೂ ಅದರ ಬಗ್ಗೆಯೇ ಯೋಚಿಸುತ್ತೇನೆ, ಏಕೆಂದರೆ ಆ ಕೆಲಸಕ್ಕೆ ಈಗ ಸಾಫ್ಟ್‌ವೇರ್ ಬಂದಿದೆ. ಬಂದದ್ದು ಒಳ್ಳೆಯದೇ. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆ ಇದೆ.

ನಮ್ಮ ಓಣಿಯ ಹುಡುಗನೊಬ್ಬ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಬೋಯಾ ನಿರ್ವಹಣೆಯ ಮೇಲೆಯೇ ಪ್ರಾಜೆಕ್ಟ್ ಮಾಡುತ್ತೇನೆ ಅಂತ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಚೆನ್ನಾಗಿ ಮಾಡಿದ್ದ. ನಕ್ಷೆಯ ಮೇಲೆ ಬೋಯಾಗಳು, ಒಂದೊಂದಕ್ಕೂ ಹಸಿರು ಚುಕ್ಕೆ. ಬ್ಯಾಟರಿಯ ವೋಲ್ಟೇಜ್, ದೀಪ ಉರಿಯುತ್ತಿದೆಯೋ ಇಲ್ಲವೋ, ಬೋಯಾ ತನ್ನ ಜಾಗದಲ್ಲಿದೆಯೋ ಇಲ್ಲವೋ, ಎಲ್ಲ ಕಾಣುತ್ತಿತ್ತು. "ಕಾಕಾ, ಬ್ಯಾಟರಿ, ದೀಪ, ಜಿಪಿಎಸ್ ಮೂರೂ ಬಂದ್ವಲ್ರಿ, ಇನ್ನೇನ್ ಬೇಕ್ರಿ?" ಅಂತ ಕೇಳಿದ. "ಸರಪಳಿ ಎಲ್ಲೈತಪ್ಪಾ?" ಅಂದೆ.

ಅವನ ತಪ್ಪಲ್ಲ. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿನಲ್ಲೂ ನಾನು ಇದೇ ಕೊರತೆ ಕಂಡಿದ್ದೇನೆ. ನೀರಿನ ಮೇಲೆ ಕಾಣುವುದು ಬಣ್ಣ ಬಳಿದ ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಮೈ, ಸೋಲಾರ್ ಪ್ಲೇಟು, ತುದಿಯಲ್ಲಿ ದೀಪ. ಅದನ್ನು ಹಿಡಿದು ನಿಲ್ಲಿಸಿರುವುದು ಕೆಳಗಿನ ಸರಪಳಿ ಮತ್ತು ತಳದಲ್ಲಿ ಕೂತ ಕಾಂಕ್ರೀಟ್ ಭಾರ, ಅಂದರೆ ಸಿಂಕರ್. ಸರಪಳಿಯನ್ನು ನೀರಿನ ಆಳಕ್ಕಿಂತ ಉದ್ದವಾಗಿಯೇ ಬಿಟ್ಟಿರುತ್ತಾರೆ. ಗಾಳಿ, ಅಲೆ, ಭರತ, ಇಳಿತಕ್ಕೆ ಬೋಯಾ ಅತ್ತಿತ್ತ ಹೋದ ಹಾಗೆ ಸರಪಳಿಯ ಒಂದು ಭಾಗ ತಳಕ್ಕೆ ತಾಗುತ್ತ, ಏಳುತ್ತ ಇರುತ್ತದೆ. ಹಗಲೂ ರಾತ್ರಿ ಮರಳಿನಲ್ಲಿ ಉಜ್ಜುತ್ತದೆ. ಬಾವಿಯ ಹಗ್ಗ ಗಾಲಿಗೆ ತಾಗುವ ಕಡೆಯೇ ಮೊದಲು ಸವೆಯುತ್ತದಲ್ಲ, ಹಾಗೆ ಇದೂ ಅಲ್ಲಿಯೇ ಮೊದಲು ಸವೆಯುತ್ತದೆ.

ಒಮ್ಮೆ ಮಳೆಗಾಲಕ್ಕೆ ಮುಂಚೆ ಒಂದು ಬೋಯಾವನ್ನು ಕ್ರೇನಿನಿಂದ ಡೆಕ್ಕಿಗೆ ಎತ್ತಿದೆವು. ಮೈತುಂಬ ಚಿಪ್ಪು, ಪಾಚಿ. ಕೆರೆದು ತೊಳೆದು ಸರಪಳಿಯನ್ನು ಸಾಲಾಗಿ ಮಲಗಿಸಿದೆವು. ಮೇಲಿನ ಕೊಂಡಿಗಳು ಚೆನ್ನಾಗಿಯೇ ಇದ್ದವು. ತಳಕ್ಕೆ ಉಜ್ಜುವ ಭಾಗಕ್ಕೆ ಬಂದಾಗ, ಒಂದು ಕೊಂಡಿಗೆ ಇನ್ನೊಂದು ತಾಗುವ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಹೊಳಪು ಕಂಡರೆ ಲೋಹ ಹೋಗಿದೆ ಅಂತಲೇ ಅರ್ಥ. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದರೆ, ಹೊಸದಾಗಿದ್ದಾಗ 38 ಮಿಲಿಮೀಟರ್ ಇದ್ದ ಕೊಂಡಿ ಅರ್ಧಕ್ಕೆ ಬಂದಿತ್ತು. ಆ ಮಳೆಗಾಲವನ್ನು ಅದು ದಾಟುತ್ತಿರಲಿಲ್ಲ. ಆಫೀಸಿನ ಪರದೆಯಲ್ಲಿ ಮಾತ್ರ ಅದೇ ಬೋಯಾಕ್ಕೆ ಹಸಿರು ಚುಕ್ಕೆ! ಸರಪಳಿ ಬದಲಿಸಿದ ಮೇಲೆ ಅದನ್ನು ದಾಖಲಿಸಲು ನೋಡಿದರೆ ಇದ್ದದ್ದು ಒಂದೇ ಚೌಕ: 'ಸರಪಳಿ ಪರಿಶೀಲಿಸಲಾಗಿದೆ'. ಟಿಕ್ ಹಾಕಿದರೆ ಮುಗಿಯಿತು. ಎಷ್ಟು ಸವೆದಿತ್ತು, ಯಾವ ಕೊಂಡಿ, ಯಾರು ಅಳೆದರು, ಯಾವುದಕ್ಕೂ ಜಾಗವಿಲ್ಲ.

ಇದು ಸಣ್ಣ ವಿಷಯವಲ್ಲ. ದೀಪ ಆರಿದ ಬೋಯಾಕ್ಕಿಂತ ಜಾಗ ಬಿಟ್ಟು ಹೋದ ಬೋಯಾ ಹೆಚ್ಚು ಅಪಾಯ. ನಮ್ಮ ದೇಶದಲ್ಲಿ ಸಮುದ್ರದಿಂದ ಬಂದರಿಗೆ ಬರುವ ಹಡಗಿಗೆ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಆ ಕೆಂಪು ಬೋಯಾ ಸರಪಳಿ ಕಡಿದು ತೇಲಿಹೋಗಿ ಇನ್ನೆಲ್ಲೋ ಮಿನುಗುತ್ತಿದ್ದರೆ, ಅದನ್ನು ನಂಬಿದ ಹಡಗು ಬಂಡೆಗೋ ಮರಳದಿಣ್ಣೆಗೋ ಹೋಗುತ್ತದೆ. ಜಿಪಿಎಸ್ ಇದ್ದರೆ ಗೊತ್ತಾಗುತ್ತದೆ, ನಿಜ. ಆದರೆ ಗೊತ್ತಾಗುವುದು ಕಡಿದ ಮೇಲೆ. ಅಲೆ ಎದ್ದಿರುವ ಮಳೆಗಾಲದಲ್ಲಿ ಅದನ್ನು ಹಿಡಿದು ತರಲು ಸಣ್ಣ ಹಡಗು ಹೊರಡುವುದೇ ಕಷ್ಟ.

ಬೋಯಾ, ಲೈಟ್‌ಹೌಸ್‌ನಂಥ ದಾರಿಗುರುತುಗಳ ಅಂತರರಾಷ್ಟ್ರೀಯ ಸಂಸ್ಥೆ ಐಎಎಲ್‌ಎ ಇವುಗಳಿಗೆ ಮೂರು ದರ್ಜೆ ಮಾಡಿದೆ. ಬಹಳ ಮುಖ್ಯವಾದ ಗುರುತು 3 ವರ್ಷದ ಲೆಕ್ಕದಲ್ಲಿ ಶೇ 99.8ರಷ್ಟು ಸಮಯ ಸರಿಯಾಗಿ ಕೆಲಸ ಮಾಡಬೇಕು. ಅಂದರೆ 3 ವರ್ಷದಲ್ಲಿ ಕೆಟ್ಟು ಕೂರಲು ಸಿಗುವುದು 2 ದಿನಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡನೆಯ ದರ್ಜೆಗೆ ಶೇ 99, ಮೂರನೆಯದಕ್ಕೆ ಶೇ 97. ಈ ಲೆಕ್ಕವನ್ನು ಸಾಫ್ಟ್‌ವೇರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಕೆಟ್ಟ ಮೇಲೆ ಎಣಿಸುವುದಕ್ಕಿಂತ ಕೆಡುವ ಮೊದಲೇ ಹೇಳುವ ಸಾಫ್ಟ್‌ವೇರ್ ಬೇಕು. ಒಂದು ವರ್ಷದ ಅಂತರದಲ್ಲಿ ಅಳೆದ ಎರಡು ಅಳತೆ ಇದ್ದರೆ ಸವೆತದ ವೇಗ ಸಿಗುತ್ತದೆ. ಮುಂದಿನ ಮಳೆಗಾಲ ತಡೆಯುತ್ತದೋ ಇಲ್ಲವೋ ಅದೇ ಹೇಳಬಹುದು.

ಇನ್ನೊಂದು ಮಾತು. ಬೋಯಾ ಎಂದರೆ ಒಂದೇ ವಸ್ತು ಅಂತ ಸಾಫ್ಟ್‌ವೇರ್ ಬರೆಯುವವರು ತಿಳಿದಿರುತ್ತಾರೆ. ಹಾಗಿಲ್ಲ. ಹಳೆಯ ಬೋಯಾವನ್ನು ಯಾರ್ಡಿಗೆ ತಂದು, ಅದರ ಜಾಗದಲ್ಲಿ ಬೇರೆ ಮೈ ಇಡುತ್ತೇವೆ. ದೀಪ ಮತ್ತೊಂದಕ್ಕೆ ಹೋಗುತ್ತದೆ. ಸರಪಳಿಯ ಚೆನ್ನಾಗಿರುವ ತುಂಡನ್ನು ಇನ್ನೆಲ್ಲಿಗೋ ಹಾಕುತ್ತೇವೆ. ಜಾಗ, ಮೈ, ದೀಪ, ಸರಪಳಿ, ಸಿಂಕರ್ ಒಂದೊಂದಕ್ಕೂ ಬೇರೆ ಬೇರೆ ಆಯುಷ್ಯ. ಒಂದೊಂದಕ್ಕೂ ಬೇರೆ ನಂಬರ್ ಕೊಟ್ಟು ಅದರ ಚರಿತ್ರೆ ಅದರ ಜೊತೆಗೇ ಹೋಗುವ ಹಾಗೆ ಮಾಡದಿದ್ದರೆ, ಸವೆದ ಸರಪಳಿ ಹೊಸ ಬೋಯಾದ ಕೆಳಗೆ ಹೊಸದೆಂದೇ ದಾಖಲಾಗುತ್ತದೆ.

ದಾಖಲೆ ಬರೆಯುವುದು ಡೆಕ್ಕಿನ ಮೇಲೆ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಕೈ ಒದ್ದೆ, ಗ್ಲೌಸಿಗೆ ಗ್ರೀಸ್ ಮೆತ್ತಿರುತ್ತದೆ. ನೆಟ್ ಇಲ್ಲದಿದ್ದರೆ ತೆರೆಯದ ಆ್ಯಪ್ ಇದ್ದರೆ, ದಡಕ್ಕೆ ಬಂದು ಸಂಜೆ ನೆನಪಿನಿಂದ ತುಂಬಿಸುತ್ತಾರೆ. ಅದು ಅಳತೆಯಲ್ಲ, ಅಂದಾಜು. ಪರದೆಯ ಭಾಷೆ ಕನ್ನಡ ಆಗಿರಲಿ, ದೊಡ್ಡ ಬಟನ್ ಇರಲಿ, ಅಳತೆ ಬರೆಯದೆ ಮುಂದಕ್ಕೆ ಹೋಗಲು ಬಿಡದಿರಲಿ.

ಬೋಯಾನೇ ಬೇಡ, ಹಡಗುಗಳು ರೇಡಿಯೊದಲ್ಲಿ ತಮ್ಮ ಗುರುತು, ಜಾಗ ತಿಳಿಸುವ ಎಐಎಸ್ ವ್ಯವಸ್ಥೆಯ ಮೂಲಕ ಪರದೆಯ ಮೇಲಷ್ಟೇ ಕಾಣುವ ಗುರುತು ಇಟ್ಟರೆ ಸಾಕು ಎನ್ನುವವರೂ ಇದ್ದಾರೆ. ದೊಡ್ಡ ಹಡಗಿಗೆ ಸರಿ. ಆ ಉಪಕರಣ ಇಲ್ಲದ ನಾಡದೋಣಿಯವನಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ನಮ್ಮ ನದಿಗಳಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಭೀಮೆಯ ಎಷ್ಟೋ ಕಡೆ ಮರಳು, ಬಂಡೆ ಕಾಣುತ್ತವೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅದೇ ಜಾಗದಲ್ಲಿ ದಡ ತುಂಬಿ ಹರಿಯುತ್ತದೆ. 2020ರ ಅಕ್ಟೋಬರ್ ಪ್ರವಾಹ ಕಲಬುರಗಿ, ಯಾದಗಿರಿಯ ಯಾರಿಗೂ ಮರೆತಿಲ್ಲ. ಬೇಸಿಗೆಯಲ್ಲಿ ಮರಳಿನ ಮೇಲೆ ಕೂತ ಬೋಯಾದ ಸರಪಳಿಗೆ ಮಳೆಗಾಲದಲ್ಲಿ ಕೊಚ್ಚಿಕೊಂಡು ಬಂದ ಜಾಲಿ ಗಿಡ, ಕಸ ಸುತ್ತಿಕೊಳ್ಳುತ್ತದೆ. ಸಮುದ್ರಕ್ಕಾಗಿ ಬರೆದ ಸಾಫ್ಟ್‌ವೇರನ್ನು ಹಾಗೇ ತಂದು ಇಲ್ಲಿ ಇಟ್ಟರೆ ನಡೆಯುವುದಿಲ್ಲ. ವರ್ಷಕ್ಕೊಮ್ಮೆ ತಪಾಸಣೆ ಅಂತ ತಾರೀಖು ಹಾಕಿ ಕೂರುವ ಬದಲು, ಅಣೆಕಟ್ಟೆಯಿಂದ ಇಷ್ಟು ನೀರು ಬಿಟ್ಟ ಮೇಲೆ ಇಷ್ಟು ದಿನದಲ್ಲಿ ಹೋಗಿ ನೋಡಬೇಕು ಎನ್ನುವ ನಿಯಮ ಅದರಲ್ಲಿ ಇರಬೇಕು.

1927ರ ಹಳೆಯ ಲೈಟ್‌ಹೌಸ್ ಕಾಯ್ದೆಯ ಬದಲು 2021ರಲ್ಲಿ ಹೊಸ ಕಾಯ್ದೆ ಬಂತು. ಅದರಲ್ಲಿ ಈ ಕೆಲಸದವರಿಗೆ ತರಬೇತಿ, ಪ್ರಮಾಣಪತ್ರದ ಮಾತೂ ಇದೆ. ಅದು ಸಮುದ್ರದ ಕಾಯ್ದೆ. ನದಿಯಲ್ಲಿ ಸರಪಳಿ ಅಳೆಯುವವನಿಗೂ ಅಂಥ ತರಬೇತಿ ಬೇಕು.

ಕರ್ನಾಟಕ ಜಲಸಾರಿಗೆ ಮಂಡಳಿಗೆ ಮತ್ತು ನಮ್ಮ ಜಿಲ್ಲಾಡಳಿತಗಳಿಗೆ ನನ್ನ ಕೋರಿಕೆ ಇಷ್ಟೇ. ಇಂಥ ಸಾಫ್ಟ್‌ವೇರಿಗೆ ಟೆಂಡರ್ ಕರೆಯುವ ಮೊದಲು, ಬೋಯಾ ಯಾರ್ಡಿನಲ್ಲಿ ಕ್ಯಾಲಿಪರ್ ಹಿಡಿದು ಕೆಲಸ ಮಾಡಿದ ಫಿಟ್ಟರ್ ಒಬ್ಬರನ್ನು ಷರತ್ತು ಬರೆಯುವ ಸಮಿತಿಯಲ್ಲಿ ಕೂರಿಸಿ. ಗುತ್ತಿಗೆ ಮುಗಿದು ಕಂಪನಿ ಹೋದರೂ ಎಲ್ಲ ಅಳತೆ, ಫೋಟೊ, ದಾಖಲೆ ಸರ್ಕಾರದ ಬಳಿಯೇ ಉಳಿಯಬೇಕು ಅಂತ ಸ್ಪಷ್ಟವಾಗಿ ಬರೆಸಿ. ಕರಾವಳಿಯಲ್ಲಿ ಒಮ್ಮೆ ಗುತ್ತಿಗೆ ಬದಲಾದಾಗ ಹಳೆಯ ದಾಖಲೆಯೆಲ್ಲ ಹಳೆಯ ಕಂಪನಿಯ ಜೊತೆಗೇ ಹೋಯಿತು. ಒಂದೊಂದು ಸರಪಳಿಯನ್ನೂ ಎತ್ತಿ ಮೊದಲಿನಿಂದ ಅಳೆಯಬೇಕಾಯಿತು.

ಇಂತಿ ನಿಮ್ಮ ಓದುಗ,
ನಿವೃತ್ತ ಫಿಟ್ಟರ್, ಶಹಾಬಾದ್, ಕಲಬುರಗಿ ಜಿಲ್ಲೆ