ಅಡುಗೆಮನೆ ಮೇಜಿನ ಶಾಲೆಗೆ ಒಂದು ಪತ್ರ

ಮಂಗಳೂರು
ಮೇ ತಿಂಗಳ ಕೊನೆ

ಪ್ರೀತಿಯ ಮಗಳೇ,

ಕರ್ತನಲ್ಲಿ ನಿನ್ನ ದೊಡ್ಡಮ್ಮನ ವಂದನೆಗಳು. ಊರಿಗೆ ಬಂದು ಐದು ವಾರ ಆಯಿತು. ಬಂದ ದಿನದಿಂದ ಪಕ್ಕದ ಮನೆಯವರು, ಸಭೆಯವರು ಎಲ್ಲರದೂ ಒಂದೇ ಪ್ರಶ್ನೆ. "ನಿಮ್ಮ ತಂಗಿ ಮಗಳು ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲವಂತೆ, ಹೌದಾ?" ಮನೆಯಲ್ಲೇ ಪಾಠ ಅಂದರೆ, "ಓ, ಟ್ಯೂಷನ್ನಾ?" ಅನ್ನುತ್ತಾರೆ. ನಮ್ಮಲ್ಲಿ ಮನೆಪಾಠ ಅಂದರೆ ಶಾಲೆ ಮುಗಿದ ಮೇಲಿನ ಟ್ಯೂಷನ್ ತಾನೇ. ಅಮೆರಿಕದ ಟೆಕ್ಸಾಸಿನ ನಿನ್ನ ಮನೆಗೆ ಬರುವ ಮೊದಲು ನಾನೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೆ.

ಈಗ ಇಲ್ಲಿ ನಿನ್ನ ಪರವಾಗಿ ವಾದ ಮಾಡುವುದೇ ನನ್ನ ಕೆಲಸ. ಬೆಳಿಗ್ಗೆ ದೋಸೆ ತಿಂದು, ತಟ್ಟೆ ಎತ್ತುವ ಮೊದಲೇ ಪ್ರಾರ್ಥನೆ, ಒಂದು ಹಾಡು, ಬೈಬಲಿನ ಬಾಯಿಪಾಠದ ವಚನ. ಆಮೇಲೆ ಅದೇ ಮೇಜು ಒರೆಸಿ ಲೆಕ್ಕದ ಪುಸ್ತಕ. ಮಧ್ಯಾಹ್ನ ನೀನು ಕಥೆ ಓದುವುದು, ಓದಿದ್ದನ್ನು ಪುಟ್ಟ ತನ್ನ ಮಾತಿನಲ್ಲಿ ಹೇಳುವುದು. ಇಂಗ್ಲೆಂಡಿನ ಶಾರ್ಲೆಟ್ ಮೇಸನ್ ಅನ್ನುವ ಟೀಚರಮ್ಮ ಹಾಕಿಕೊಟ್ಟ ಕ್ರಮ ಅಂತ ನೀನು ಹೇಳಿದೆ. ಅವರು ತೀರಿಕೊಂಡದ್ದು 1923ರಲ್ಲಿ. ಚಿಕ್ಕ ಚಿಕ್ಕ ಪಾಠ, ಕೇಳಿದ್ದನ್ನು ಹೇಳಿಸುವುದು, ಹೊರಗೆ ಕರೆದುಕೊಂಡು ಹೋಗಿ ಗಿಡ, ಹಕ್ಕಿ ನೋಡಿ ಬರೆಸುವುದು. 34 ವರ್ಷ ಪ್ರೈಮರಿ ಟೀಚರಾಗಿದ್ದ ನನಗೆ ನೋಡಿ ಹೊಟ್ಟೆಕಿಚ್ಚೇ ಆಯಿತು. ಐವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರಿಂದ ಕಥೆ ಹೇಳಿಸಲು ನಮಗೆ ಎಲ್ಲಿತ್ತು ಪುರುಸೊತ್ತು? ಮಾರ್ಚ್ ಕೊನೆಗೆ ದಾರಿ ಬದಿಯಲ್ಲಿ ಬ್ಲೂಬಾನೆಟ್ ಹೂ ನೀಲಿ ಚಾಪೆ ಹಾಸಿದ ಹಾಗೆ ಅರಳಿದಾಗ, ಅವತ್ತಿನ ವ್ಯಾಕರಣ ಬಿಟ್ಟು ಮೂರೂ ಮಕ್ಕಳನ್ನು ಅಲ್ಲೇ ಕೂರಿಸಿ ಚಿತ್ರ ಬರೆಸಿದೆಯಲ್ಲ, ಅದನ್ನು ಅವರು ಮರೆಯುವುದಿಲ್ಲ. ನಾನೂ ಮರೆಯುವುದಿಲ್ಲ.

ಹಾಗಾಗಿ ಮುಂದೆ ಬರೆಯುವುದನ್ನು ಗದರಿಕೆ ಅಂದುಕೊಳ್ಳಬೇಡ. ಅಲ್ಲಿದ್ದಾಗಲೇ ಹೇಳಬೇಕಿತ್ತು. ನಿನ್ನ ಮನೆಯಲ್ಲಿ ಕೂತು, ನಿನ್ನ ಕೈಯ ಅನ್ನ ಉಂಡು, ಮಕ್ಕಳ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಫೆಬ್ರವರಿಯ ಆ ಭಾಗಾಕಾರದ ವಿಷಯ. ಪುಟ್ಟನ ಹನ್ನೆರಡು ಲೆಕ್ಕವೂ ಸರಿ ಇತ್ತು, ಮಾಡಿದ ಗುರುತು ಮಾತ್ರ ಎಲ್ಲೂ ಇರಲಿಲ್ಲ. ನಿನ್ನ ಪುಸ್ತಕದ ಹಿಂದಿನ ಉತ್ತರ ನೋಡಿ ಇಳಿಸಿದ್ದ. ನೀನು ಅವನನ್ನು ಕೂರಿಸಿ, ಸುಳ್ಳಾಡಬಾರದು ಅನ್ನುವ ವಚನವನ್ನು 25 ಸಲ ಬರೆಸಿದೆ. ಅವನು ಅಳುತ್ತಾ ಬರೆದ. ಕದ್ದು ನೋಡಿದ್ದು ತಪ್ಪೇ, ಅದನ್ನು ನಾನು ಅಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮೂರು ದಿನ ಮೊದಲಿಂದ ನಾನು ಅದೇ ಮೇಜಿನ ಆಚೆ ತುದಿಯಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದೆ. ಒಂದೊಂದು ಲೆಕ್ಕ ತಪ್ಪಿದಾಗಲೂ ನೀನು ಅಂದದ್ದು ಕೇಳಿದ್ದೆ. "ಮನಸ್ಸಿಟ್ಟು ಮಾಡದಿದ್ದರೆ ದೇವರಿಗೆ ಬೇಜಾರಾಗುತ್ತದೆ." "ಇದು ಸೋಮಾರಿತನ, ಸೋಮಾರಿತನ ಪಾಪ." ಆ ಹುಡುಗನಿಗೆ ಸೋಮಾರಿತನ ಇರಲಿಲ್ಲ ಮಗಳೇ. ಏಳರ ಮಗ್ಗಿ ಸರಿಯಾಗಿ ಬರುತ್ತಿರಲಿಲ್ಲ, ಅಷ್ಟೇ. ಲೆಕ್ಕ ತಪ್ಪಿದರೆ ದೇವರವರೆಗೂ ಹೋಗುತ್ತದೆ ಅಂತಾದಾಗ ಒಂಬತ್ತು ವರ್ಷದವನು ಏನು ಮಾಡಬೇಕು? ಉತ್ತರ ಕದ್ದ.

ನಮ್ಮ ಕನ್ನಡದಲ್ಲಿ ಲೆಕ್ಕ ಕೆಟ್ಟರೂ ತಪ್ಪು, ಸುಳ್ಳು ಹೇಳಿದರೂ ತಪ್ಪು. ಮಾತು ಒಂದೇ ಅಂತ ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತೇವೆ. ನಿನ್ನ ಫ್ರಿಜ್ಜಿನ ಮೇಲೆ ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದ ವಚನ ಅಂಟಿಸಿದ್ದೀಯಲ್ಲ. ದೇವರ ಮಾತನ್ನು ಮಕ್ಕಳಿಗೆ ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಹೇಳಿಕೊಡು ಅಂತ. ಲೆಕ್ಕ ತಪ್ಪಿದಾಗ ಅಂತ ಅದರಲ್ಲಿ ಇಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಹತ್ತಿರ ದಿನಾ ಹೋಮ್‌ವರ್ಕ್ ತರುತ್ತಿರಲಿಲ್ಲ. ಒಂದು ದಿನ ರೇಗಿ ಹೋಗಿ, ವಿಧೇಯತೆಯ ಮೇಲಿನ ಒಂದು ವಚನವನ್ನು ಐವತ್ತು ಸಲ ಬರೆಸಿದೆ. ಅವಳ ಅಮ್ಮ ಬೀಡಿ ಕಟ್ಟುತ್ತಿದ್ದರು, ಸಂಜೆಯಿಡೀ ಇವಳೂ ಕೂತು ಕಟ್ಟುತ್ತಿದ್ದಳು ಅನ್ನುವುದು ನನಗೆ ತಿಳಿದದ್ದು ಆಮೇಲೆ. ಎಷ್ಟೋ ವರ್ಷ ಕಳೆದು ಒಂದು ಮದುವೆಯಲ್ಲಿ ಸಿಕ್ಕಳು. ನಗುತ್ತಲೇ ಅಂದಳು: "ಟೀಚರ್, ಆ ವಚನ ನನಗೆ ಈಗಲೂ ಬಾಯಿಪಾಠ ಉಂಟು. ಹೇಳುವಾಗ ಕೈ ನೋಯ್ತದೆ." ಆ ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಅವಳಿಗಾದರೂ ಬೆಲ್ ಹೊಡೆದ ಮೇಲೆ ಮನೆ ಇತ್ತು. ಶಾಲೆಯಲ್ಲಿ ಬೈಸಿಕೊಂಡ ಮಗು ಅಮ್ಮನ ಹತ್ತಿರ ಬಂದು ಟೀಚರನ್ನು ಬೈಯುತ್ತದೆ, ಅಲ್ವಾ? ನೀನೂ ಬೈಯುತ್ತಿದ್ದೆ, ನಿನ್ನ ಅಮ್ಮನಿಗೂ ನನಗೂ ಗೊತ್ತು. ಪುಟ್ಟ ಎಲ್ಲಿಗೆ ಹೋಗಬೇಕು? ಟೀಚರೂ ನೀನೇ, ಅಮ್ಮನೂ ನೀನೇ, ಸಂಡೇ ಸ್ಕೂಲೂ ನೀನೇ. ನೀನು ಒಂದು ಸಲ ಮುಖ ತಿರುಗಿಸಿದರೆ ಅವನ ಪಾಲಿಗೆ ಶಾಲೆ, ಮನೆ, ದೇವರು ಮೂರೂ ಒಟ್ಟಿಗೆ ಮುಖ ತಿರುಗಿಸಿದ ಹಾಗೆ. ಆ ವಾರವಿಡೀ ಸಂಜೆ ಪ್ರಾರ್ಥನೆಯಲ್ಲಿ ಅವನು ಹಾಡಲಿಲ್ಲ. ನೀನು ಗಮನಿಸಿರಲಿಕ್ಕಿಲ್ಲ, ಪುಟ್ಟಿ ಆಗ ನಿನ್ನ ತೊಡೆಯ ಮೇಲೆ ರಂಪ ಮಾಡುತ್ತಿದ್ದಳು.

ಹಾಗಾಗಿ ನನ್ನದು ಒಂದೇ ಕೋರಿಕೆ. ಶಿಕ್ಷೆಯಾಗಿ ವಚನ ಬರೆಸುವುದನ್ನು ಇವತ್ತೇ ನಿಲ್ಲಿಸು. ಉತ್ತರದ ಪುಸ್ತಕವನ್ನು ಅವನ ಕೈಗೇ ಕೊಡು. ನಾಲ್ಕು ಲೆಕ್ಕ ಮಾಡಲಿ, ತಾನೇ ನೋಡಿ ಗುರುತು ಹಾಕಲಿ, ತಪ್ಪಿದ್ದು ಎಲ್ಲಿ ತಪ್ಪಿತು ಅಂತ ತಾನೇ ಹುಡುಕಲಿ. ಕದಿಯಲು ಏನೂ ಇರುವುದಿಲ್ಲ. ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಎಳೆದರೆ ಲೆಕ್ಕವೂ ಇಲ್ಲ, ಮರ್ಯಾದೆಯೂ ಇಲ್ಲ. ಸಾಧ್ಯವಾದರೆ ಗಣಿತವನ್ನು ಅಳಿಯಂದಿರಿಗೆ ವಹಿಸು. ಅವರಿಗೆ ಸಂಜೆ ಪುರುಸೊತ್ತಿದೆ, ನಾನು ನೋಡಿದ್ದೇನೆ. ಫೋನ್ ಕೆಳಗಿಟ್ಟರೆ ಇನ್ನೂ ಜಾಸ್ತಿ ಸಿಗುತ್ತದೆ.

ಮನೆಯೇ ಮೊದಲ ಪಾಠಶಾಲೆ, ಜನನಿ ತಾನೇ ಮೊದಲ ಗುರು ಅಂತ ನೀನು ಎಲ್ಲರಿಗೂ ಹೇಳುತ್ತೀಯ. ಹೌದು. ಮೊದಲ ಗುರು ಅಂದಿದ್ದಾರೆ, ಒಬ್ಬಳೇ ಗುರು ಅಂದಿಲ್ಲ. ಶುಕ್ರವಾರ ಚರ್ಚ್ ಹಾಲಿನಲ್ಲಿ ತಾಯಂದಿರೆಲ್ಲ ಸೇರಿ ಒಬ್ಬರು ಚಿತ್ರಕಲೆ, ಒಬ್ಬರು ವಿಜ್ಞಾನದ ಪ್ರಯೋಗ ಅಂತ ಹಂಚಿಕೊಂಡು ಕಲಿಸುತ್ತೀರಲ್ಲ, ಆ ಕೋ-ಆಪ್ ಬಹಳ ಒಳ್ಳೆಯದು. (ಮೊದಲ ಸಲ ಕೇಳಿದಾಗ ಸೊಸೈಟಿ ಬ್ಯಾಂಕಿಗೆ ಹೋಗುತ್ತಿದ್ದೀಯ ಅಂದುಕೊಂಡಿದ್ದೆ.) ಮಳೆ, ಶೀತ ಅಂತ ಅದನ್ನು ತಪ್ಪಿಸಬೇಡ. ಮಕ್ಕಳಿಗೆ ನಿನ್ನದಲ್ಲದ ಇನ್ನೊಂದು ಮುಖ ನೋಡಿ ಕಲಿಯುವುದು ಬೇಕು, ನಿನಗೂ ಇನ್ನೊಬ್ಬ ದೊಡ್ಡವರ ಜೊತೆ ಮಾತಾಡುವುದು ಬೇಕು.

ಕಾನೂನಿನ ವಿಷಯ ಅಳಿಯಂದಿರು ವಿವರವಾಗಿ ಹೇಳಿದರು. ಟೆಕ್ಸಾಸಿನಲ್ಲಿ ಇಂಥ ಮನೆಯನ್ನು ಖಾಸಗಿ ಶಾಲೆಯ ಹಾಗೆಯೇ ನೋಡುತ್ತಾರೆ, ರಾಜ್ಯದ ಸುಪ್ರೀಂ ಕೋರ್ಟೇ 1994ರಲ್ಲಿ ಅದನ್ನು ಎತ್ತಿಹಿಡಿದಿದೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕನ ನಡತೆ, ಇಷ್ಟು ಕಲಿಸಿದರೆ ಆಯಿತು. ಸರ್ಕಾರದ ಪರೀಕ್ಷೆ ಇಲ್ಲ. ಶಾಲೆ ತಪಾಸಣೆಗೆ ಬಿಇಒ ಬರುವ ದಿನ ಅಂದರೆ ಹಿಂದಿನ ರಾತ್ರಿ ನಿದ್ದೆ ಮಾಡದ ನನಗೆ ನಂಬಲಿಕ್ಕೇ ಆಗಲಿಲ್ಲ. ಕೇಳುವವರು ಇಲ್ಲ ಅಂತ ಬರೆದಿಡದೆ ಇರಬೇಡ. ವರ್ಷಕ್ಕೊಂದು ಫೈಲ್ ಮಾಡು. ಓದಿದ ಪುಸ್ತಕಗಳ ಪಟ್ಟಿ, ಕೆಲವು ಬರಹ, ಲೆಕ್ಕದ ಹಾಳೆ. ನಾಳೆ ಕಾಲೇಜು ಕೇಳಿದರೆ ಅಂಕಪಟ್ಟಿ ಬರೆದುಕೊಡಬೇಕಾದವಳು ನೀನೇ. ಊರಿಗೆ ವಾಪಸ್ ಬರುವ ಮಾತೂ ಆಗಾಗ ನಿಮ್ಮಲ್ಲಿ ಬರುತ್ತದೆ. ಬಂದರೆ ಇಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅದೇ ಎನ್‌ಐಒಎಸ್, ಇದೆ. ಶಾಲೆಗೆ ಹೋಗದವರೂ 14 ವರ್ಷ ತುಂಬಿದ ಮೇಲೆ ಅದರಲ್ಲಿ ಹತ್ತನೇ ತರಗತಿಗೆ ಸೇರಬಹುದು. ದೊಡ್ಡವಳಿಗೆ ಈಗ ಹನ್ನೊಂದು. ಮೂರು ವರ್ಷ ಹೋಗುವುದೇ ಗೊತ್ತಾಗುವುದಿಲ್ಲ.

ದೊಡ್ಡವಳ ಮಾತು ಬಂತು. ಅವಳ ವಿಜ್ಞಾನದ ಪುಸ್ತಕದಲ್ಲಿ ಭೂಮಿಗೆ ಕೆಲವೇ ಸಾವಿರ ವರ್ಷ ಅಂತ ಇತ್ತು. ಅದರ ಬಗ್ಗೆ ನಿನ್ನ ಜೊತೆ ಜಗಳಕ್ಕೆ ಬರುವುದಿಲ್ಲ. ನಾನು ಮಾತ್ರ ಸೃಷ್ಟಿಯ ಕಥೆಯನ್ನೂ ಭೂಮಿಗೆ ಸುಮಾರು 450 ಕೋಟಿ ವರ್ಷ ಅನ್ನುವುದನ್ನೂ ಒಂದೇ ವಾರದಲ್ಲಿ ಕಲಿಸಿದವಳು, ನನ್ನ ನಂಬಿಕೆ ಎಲ್ಲಿಗೂ ಹೋಗಲಿಲ್ಲ. ನೀನು ಏನೇ ನಂಬು. ವಿಜ್ಞಾನಿಗಳು ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಅನ್ನುವುದು ಅವಳಿಗೆ ನಿನ್ನ ಬಾಯಿಂದಲೇ ತಿಳಿಯಲಿ. ಹದಿನೆಂಟಕ್ಕೆ ಕಾಲೇಜಿನಲ್ಲಿ ಮೊದಲ ಸಲ ಕೇಳಿದರೆ, ಅಮ್ಮ ನನ್ನಿಂದ ಮುಚ್ಚಿಟ್ಟಳು ಅನ್ನಿಸುತ್ತದೆ. ಆಮೇಲೆ ಅಮ್ಮ ಹೇಳಿದ ಉಳಿದ ಮಾತಿನ ಮೇಲೂ ಅನುಮಾನ. ಇನ್ನೊಂದು, ಪುಟ್ಟಿಯನ್ನು ನೋಡಿಕೊಳ್ಳುವುದು ಅವಳ ಪಾಠ ಅಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೊಂದು ಅವಳ ಕೈಯಲ್ಲಿ ಮಗು ಕೊಡಬೇಡ.

ಚರಿತ್ರೆಯಲ್ಲಿ ಅವಳು ಜಾಣೆ. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹಡಗಿನಲ್ಲಿ ಬಂದವರ ಕಥೆ ನೀರು ಕುಡಿದ ಹಾಗೆ ಹೇಳುತ್ತಾಳೆ. ಒಂದು ರಾತ್ರಿ ನನ್ನ ಪಕ್ಕ ಮಲಗಿ ಕೇಳಿದಳು, "ಅಜ್ಜಿ, ನಿಮ್ಮನ್ನು ಅಮೆರಿಕದವರು ಬಂದು ಕ್ರೈಸ್ತರನ್ನಾಗಿ ಮಾಡಿದರಾ?" ನನಗೆ ನಗುವೂ ಬಂತು, ಸ್ವಲ್ಪ ಚುರುಕ್ ಅಂತಲೂ ಅಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳ ಕಥೆ ಅವಳಿಗೆ ಯಾರು ಹೇಳಬೇಕು? ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ ಅಂತ ಮ್ಯಾಪಿನಲ್ಲಿ ತೋರಿಸು. ಅದೇ ಮಿಶನ್ನಿನ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರು ಸಮಾಚಾರ ಶುರು ಮಾಡಿದ್ದು, ಅದು ಕನ್ನಡದ ಮೊದಲ ಪತ್ರಿಕೆ ಅನ್ನುವುದು, ಕಿಟೆಲ್ ವರ್ಷಗಟ್ಟಲೆ ಪದ ಕೂಡಿಸಿ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದದ್ದು, ಇದೆಲ್ಲ ಅವಳ ಮನೆಯ ಚರಿತ್ರೆ. ನಿನ್ನ ಮುತ್ತಜ್ಜ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಅದನ್ನೂ ಹೇಳು. ಮತ್ತೆ ಭಾನುವಾರ ಹತ್ತು ನಿಮಿಷ ಕನ್ನಡ ಸತ್ಯವೇದದಿಂದ 23ನೇ ಕೀರ್ತನೆ ಓದಿಸು, ಬರೆಸುವುದು ಬೇಡ.

ನಿನ್ನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಿನಗೆ ಕೋಪ ಬರುತ್ತದೆ. ಮಧ್ಯಾಹ್ನ ಒಂದು ಗಂಟೆ ಮಲಗು. ಪಾತ್ರೆ ಸಿಂಕಿನಲ್ಲೇ ಇರಲಿ.

ಇಲ್ಲಿ ಮೊದಲ ಮಳೆ ಬಂದು ಹೋಯಿತು. ಹಲಸಿನ ಹಪ್ಪಳ ಒಣಗಿಸಿದ್ದೇನೆ, ಜೂನಿನಲ್ಲಿ ಅಲ್ಲಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಅಳಿಯಂದಿರಿಗೆ ನನ್ನ ನೆನಪು ಹೇಳು. ಪುಟ್ಟಿಗೆ ಮುತ್ತು.

ನಿನ್ನ
ದೊಡ್ಡಮ್ಮ

ಈ ಕೆಳಗಿನದನ್ನು ಪುಟ್ಟನ ಕೈಗೆ ಕೊಡು. ನೀನು ಓದಿ ಹೇಳಬೇಡ, ಅವನೇ ಓದಲಿ. ಕನ್ನಡ ಕಷ್ಟವಾದರೆ ಅಕ್ಕನನ್ನು ಕೇಳಲಿ.

ಪುಟ್ಟಾ, ಅಜ್ಜಿಯ ಹತ್ತಿರ 257 ಹಪ್ಪಳ ಇವೆ. ಏಳು ಡಬ್ಬಿಗಳಿಗೆ ಸಮವಾಗಿ ಹಾಕಬೇಕು. ಒಂದೊಂದರಲ್ಲಿ ಎಷ್ಟು ಹಾಕಲಿ? ಉಳಿದದ್ದನ್ನು ನಾನು ಇವತ್ತೇ ಕರಿದು ತಿನ್ನುತ್ತೇನೆ, ಅದು ಎಷ್ಟು ಅಂತಲೂ ಹೇಳು. ನನ್ನ ಹತ್ತಿರ ಉತ್ತರದ ಪುಸ್ತಕ ಇಲ್ಲ. ಶನಿವಾರ ಫೋನ್ ಮಾಡು, ಇಬ್ಬರೂ ಕೂತು ನೋಡೋಣ.