ವಾರಕ್ಕೊಂದು ದಿನ ಒಬ್ಬ ತಜ್ಞರನ್ನು ಕಳಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನಿರ್ವಾಹಕ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ನಮ್ಮದು. ಊರಿನ ಹೆಸರನ್ನೂ ಆಸ್ಪತ್ರೆಯ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಬರೆದರೆ ಯಾರೋ ಒಬ್ಬ ನರ್ಸಿಗೆ ನೋಟಿಸ್ ಹೋಗುತ್ತದೆ, ಒಬ್ಬ ಗುತ್ತಿಗೆ ವೈದ್ಯರ ಎತ್ತಂಗಡಿಯಾಗುತ್ತದೆ, ಕಡತ ಮುಗಿಯುತ್ತದೆ. ನನಗೆ ಬೇಕಾಗಿರುವುದು ಅದಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಆಟೋಇಮ್ಯೂನ್, ಅಂದರೆ ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಕಾಡುವ ಕಾಯಿಲೆಗಳನ್ನು ನೋಡುವ ತಜ್ಞರು ಕೂರಬೇಕು. ಅವರು ಬರೆದ ಮಾತ್ರೆ ಅದೇ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಸಿಗಬೇಕು. ಇಷ್ಟೇ.

ನಮ್ಮ ಅವ್ವನಿಗೆ ಸಂಧಿವಾತ. ಮುಪ್ಪಿಗೆ ಬರುವ ಮೊಣಕಾಲು ನೋವಲ್ಲ. ನಲವತ್ತು ದಾಟುವ ಮೊದಲೇ ಎರಡೂ ಕೈಯ ಬೆರಳ ಗೆಣ್ಣುಗಳು ಊದಿದವು. ಬೆಳಗ್ಗೆ ಎದ್ದು ತಾಸು ಹೊತ್ತು ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬರಬರುತ್ತಾ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಕೊಂಡವು. ರೊಟ್ಟಿ ತಟ್ಟುವುದನ್ನು ಅವ್ವ ಬಿಟ್ಟು ಎಷ್ಟೋ ವರ್ಷವಾಯಿತು. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಸರಿಯಾಗಿ ಕೂರುವುದಿಲ್ಲವೆಂದು ಅಂಗಡಿಯವನು ಅದನ್ನು ಹಿಡಿದು ಒತ್ತುತ್ತಾನೆ, ಅವ್ವ ಕಣ್ಣು ಮುಚ್ಚಿಕೊಳ್ಳುತ್ತಾಳೆ. (ಅದು ತಮ್ಮ ಇಲಾಖೆಯದಲ್ಲ, ಗೊತ್ತು.) ಅಕ್ಕನಿಗೆ ಲೂಪಸ್, ಚರ್ಮ, ಕೀಲು, ಮೂತ್ರಪಿಂಡಗಳನ್ನು ಹಿಡಿಯುವ ಕಾಯಿಲೆ. ಚಿಕ್ಕಮ್ಮನಿಗೆ ಥೈರಾಯ್ಡ್. ಈಗ ನನ್ನ ಮಗಳ ಕತ್ತಿನ ಮುಂಭಾಗ ತುಸು ಊದಿದಂತೆ ಕಾಣುತ್ತಿದೆ.

ಊರಿನವರು ನಾಗದೋಷವೆಂದರು, ಮನೆದೇವರ ಮುನಿಸೆಂದರು. ಮೂವರಿಗೆ ಮೂರು ಹೆಸರಿನ ಕಾಯಿಲೆ, ಆದರೆ ಬುಡ ಒಂದೇ ಎಂದು ಬಿಡಿಸಿ ಹೇಳಿದವರು ಬೆಂಗಳೂರಿನ ಒಬ್ಬ ವೈದ್ಯರು. ಸೋಂಕಿನ ವಿರುದ್ಧ ಕಾದಾಡಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನ ಮೈಯ ಮೇಲೆಯೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಬ್ಬರಲ್ಲಿ ಕೀಲು, ಇನ್ನೊಬ್ಬರಲ್ಲಿ ಗಂಟಲಿನ ಗ್ರಂಥಿ, ಮತ್ತೊಬ್ಬರಲ್ಲಿ ಚರ್ಮ, ಮೂತ್ರಪಿಂಡ. ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿಗೆ ಇದರಲ್ಲಿ ದೊಡ್ಡ ಪಾತ್ರವಿದೆಯಂತೆ. ಅವು ತಾಯಿಯಿಂದ ಮಗಳಿಗೆ ದಾಟಿಸುವುದು ಕಾಯಿಲೆಯನ್ನಲ್ಲ, ಕಾಯಿಲೆ ಬರುವ ಸಾಧ್ಯತೆಯನ್ನು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೆ ಇನ್ನೊಬ್ಬರಿಗೂ ಬರಲೇಬೇಕೆಂದಿಲ್ಲ. ಆದರೂ ಇಂಥ ಮನೆಯಲ್ಲಿ ಹುಟ್ಟಿದವರಿಗೆ ಉಳಿದವರಿಗಿಂತ ಅಪಾಯ ಹೆಚ್ಚು. ಅದರಲ್ಲೂ ಹೆಣ್ಣುಮಕ್ಕಳಿಗೆ: ಲೂಪಸ್ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಇದನ್ನು ಹೇಳಿಸಿಕೊಳ್ಳಲು ಒಂದು ಇಡೀ ರಾತ್ರಿ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಾಯಿತು ಎಂಬುದೇ ನನ್ನ ದೂರು.

ಅಕ್ಕನ ಕಥೆಯನ್ನು ತಾವು ಓದಲೇಬೇಕು. ಮೊದಲು ಕೆನ್ನೆ, ಮೂಗಿನ ಮೇಲೆ ಕೆಂಪು ಗಂಧೆ ಎದ್ದಿತು. ಆಮೇಲೆ ಕೂದಲು ಉದುರಿತು, ಬಾಯಲ್ಲಿ ಹುಣ್ಣು, ಸಂಜೆಯಾದರೆ ಜ್ವರ. ಮೆಣಸಿನಕಾಯಿ ಬಿಡಿಸಲು ಹೋಗುವವಳಾದ್ದರಿಂದ ಬಿಸಿಲಿನ ಗುಳ್ಳೆ ಎಂದು ಮುಲಾಮು ಕೊಟ್ಟರು. ರಕ್ತ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಕೀಲು ನೋವೆಂದಾಗ ನೋವಿನ ಇಂಜೆಕ್ಷನ್ ಚುಚ್ಚಿದರು, ಪ್ರತಿ ಸಲವೂ ಅದನ್ನೇ. ಒಂದು ದಿನ ನಾನೂ ಜೊತೆಗೆ ಹೋಗಿ, "ಸರ್, ನಮ್ಮ ಅವ್ವನಿಗೂ ಕೀಲುವಾಯು ಇದೆ, ಕೈ ಸೊಟ್ಟಗಾಗಿವೆ, ಇದಕ್ಕೂ ಅದಕ್ಕೂ ಸಂಬಂಧ ಇರಬಹುದೇ?" ಎಂದು ಕೇಳಿದೆ. ವೈದ್ಯರು ಚೀಟಿಯಿಂದ ತಲೆ ಎತ್ತಲಿಲ್ಲ. "ಟಿಕೆಟ್ ಹರಿಯುವುದು ನಿಮ್ಮ ಕೆಲಸ, ಡಾಕ್ಟರಿಕೆ ನಮ್ಮದು" ಎಂದರು. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅಕ್ಕನೂ ನಕ್ಕಳು, ಪಾಪ, ನನಗೆ ಅವಮಾನವಾಗಬಾರದೆಂದು.

ಆಮೇಲೆ ಅವಳ ಪಾದ ಊದಿಕೊಂಡಿತು, ಮೂತ್ರದಲ್ಲಿ ನೊರೆ ಬರತೊಡಗಿತು. ಆಗಲೂ ಉಪ್ಪು ಕಡಿಮೆ ತಿನ್ನಲು ಹೇಳಿ ಕಳಿಸಿದರು. ಬಸುರಿಯರಿಗೆ ಪ್ರತಿ ತಪಾಸಣೆಯಲ್ಲೂ ಮಾಡುವ ಮೂತ್ರ ಪರೀಕ್ಷೆ, ಪಟ್ಟಿ ಅದ್ದಿ ಬಣ್ಣ ನೋಡುವ ಪರೀಕ್ಷೆ, ಪಕ್ಕದ ಕೋಣೆಯಲ್ಲೇ ಇತ್ತು. ಅದನ್ನೊಂದು ಮಾಡಿದ್ದರೆ ಪ್ರೋಟೀನ್ ಸೋರುತ್ತಿರುವುದು ಅಲ್ಲೇ ಗೊತ್ತಾಗುತ್ತಿತ್ತು. ಯಾರೂ ಮಾಡಲಿಲ್ಲ. ಬೆಂಗಳೂರಿನಲ್ಲಿ ಮೂತ್ರಪಿಂಡದ ಚೂರು ತೆಗೆದು ನೋಡುವ ಬಯಾಪ್ಸಿ ಮಾಡುವ ಹೊತ್ತಿಗೆ ಲೂಪಸ್ ಎರಡೂ ಮೂತ್ರಪಿಂಡಗಳಿಗೆ ಇಳಿದಾಗಿತ್ತು. ಭಾವ ಅವಳನ್ನು ತವರಿಗೆ ಬಿಟ್ಟು ಹೋದವನು ಮರಳಿ ಬರಲಿಲ್ಲ. ಅದಕ್ಕೂ ಇಲಾಖೆಗೂ ಸಂಬಂಧವಿಲ್ಲ, ಬಿಡಿ.

ಇನ್ನು ನಿಯಮಗಳು. ನನಗಿಂತ ತಮಗೇ ಚೆನ್ನಾಗಿ ಗೊತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಆದರೆ ಅದು ಹೆಚ್ಚಾಗಿ ವಾರ್ಡಿನಲ್ಲಿ ಮಲಗಿದವರಿಗೆ. ಲೂಪಸ್, ಸಂಧಿವಾತದವರಿಗೆ ಬೇಕಾಗುವುದು ಹಾಸಿಗೆಯಲ್ಲ. ಬದುಕಿರುವಷ್ಟು ದಿನ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ಅದೆಲ್ಲ ಹೊರರೋಗಿ ಲೆಕ್ಕಕ್ಕೆ ಬೀಳುತ್ತದೆ, ಹಾಗಾಗಿ ನಮ್ಮ ಜೇಬಿಗೆ ಬೀಳುತ್ತದೆ. ಮೂತ್ರಪಿಂಡ ಪೂರ್ತಿ ಕೈಕೊಟ್ಟ ಮೇಲೆ ಬನ್ನಿ, ಜಿಲ್ಲಾಸ್ಪತ್ರೆಯಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ! ಕೈಕೊಡದಂತೆ ಕಾಯುವ ಮೈಕೋಫಿನೊಲೇಟ್ ಮಾತ್ರೆ ಕೇಳಿದರೆ "ಹೊರಗಡೆ ತಗೊಳ್ಳಿ" ಎನ್ನುತ್ತಾರೆ. ಈ ಲೆಕ್ಕಾಚಾರ ಯಾರದು, ಸ್ವಾಮಿ?

ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬಿಸಿಕೊಳ್ಳುವ ನಮೂನೆಯನ್ನು ನಾನು ಓದಿದ್ದೇನೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಅದರಲ್ಲಿದೆ. ಒಳ್ಳೆಯದೇ. ಅದೇ ಸಾಲಿಗೆ ಸಂಧಿವಾತ, ಲೂಪಸ್, ಥೈರಾಯ್ಡ್ ಸೇರಿಸಿದರೆ ಎಷ್ಟು ಶಾಯಿ ಖರ್ಚಾದೀತು? ಇನ್ನೊಂದು ಮಾತು: ಆ ನಮೂನೆ ಇರುವುದು 30 ದಾಟಿದವರಿಗೆ. ಲೂಪಸ್ ಹೆಚ್ಚಾಗಿ ಹಿಡಿಯುವುದು 15ರಿಂದ 45ರೊಳಗೆ. ನನ್ನ ಮಗಳು 30 ತುಂಬುವವರೆಗೆ ಕಾಯಬೇಕೇ? ಇಂಥ ಕಾಯಿಲೆಯನ್ನು ಮನೆಯವರೇ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೂ ತಿಳಿದಿರಲಿ. ಹೇಳಿದರೆ ಆ ಮನೆತನದ ಹೆಣ್ಣು ಬೇಡ ಎನ್ನುತ್ತಾರೆ. ಎಲ್ಲರ ಮನೆಯಲ್ಲೂ ಕೇಳುವ ಸರ್ಕಾರಿ ಪ್ರಶ್ನೆಯಾದರೆ ಹೇಳಲು ಸಂಕೋಚವಿರುವುದಿಲ್ಲ.

2020ರ ಮಾರ್ಚ್ ನೆನಪಿದೆಯೇ? ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ಮದ್ದು ಎಂಬ ಸುದ್ದಿ ಹಬ್ಬಿತು, ಅಂಗಡಿಗಳಿಂದ ಮಾತ್ರೆ ಮಾಯವಾಯಿತು, ಕೇಂದ್ರ ಸರ್ಕಾರ ರಫ್ತನ್ನೇ ನಿಷೇಧಿಸಿತು. ಅದನ್ನು ಮೊದಲಿನಿಂದಲೂ ನುಂಗುತ್ತಿದ್ದ ಲೂಪಸ್ ರೋಗಿಗಳು ಏನು ಮಾಡುತ್ತಿದ್ದಾರೆ ಎಂದು ನಮ್ಮ ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯೂ ವಿಚಾರಿಸಲಿಲ್ಲ. ಲಾಕ್‌ಡೌನ್‌ನಲ್ಲಿ ಅಕ್ಕ ಅರ್ಧ ಮಾತ್ರೆ ಮುರಿದು ದಿನ ದೂಡಿದಳು.

ರಾತ್ರಿ ಬೆಂಗಳೂರು ಬಸ್ಸಿನಲ್ಲಿ ಎಕ್ಸ್-ರೇ ಕವರು, ಫೈಲು ಹಿಡಿದು ಹತ್ತುವವರನ್ನು ನಾನು ನೋಡುತ್ತಲೇ ಇದ್ದೇನೆ. ಕಂಬಿ ಹಿಡಿಯಲು ಬಾರದೆ ಮೊಣಕೈ ಸಿಕ್ಕಿಸಿಕೊಂಡು ನಿಲ್ಲುವ ಹೆಂಗಸರು ಯಾವ ವೈದ್ಯರ ಹತ್ತಿರ ಹೊರಟಿದ್ದಾರೆಂದು ಕೇಳುವ ಅಗತ್ಯವೇ ಇಲ್ಲ. ಶಕ್ತಿ ಯೋಜನೆಯಲ್ಲಿ ಅವರಿಗೆ ಶೂನ್ಯ ಟಿಕೆಟ್ ಹರಿದು ಕೊಡುತ್ತೇನೆ. ಸರ್ಕಾರಕ್ಕೆ ಧನ್ಯವಾದ, ಬೆಂಗಳೂರಿನ ಆಸ್ಪತ್ರೆಗೆ ಪುಕ್ಕಟೆಯಾಗಿ ಹೋಗುವ ವ್ಯವಸ್ಥೆ ಆಗಿದೆ. ಹೋಗದೇ ಇರುವಂಥ ವ್ಯವಸ್ಥೆ ಯಾವಾಗ?

ಇಂಥ ಕಾಯಿಲೆಗಳನ್ನು ನೋಡುವ ರುಮಟಾಲಜಿ ತಜ್ಞರು ಕಡಿಮೆ, ಇರುವವರಲ್ಲಿ ಬಹುಪಾಲು ಬೆಂಗಳೂರಿನಲ್ಲಿದ್ದಾರೆ ಎಂಬ ಉತ್ತರ ಬರುತ್ತದೆಂದು ಗೊತ್ತು. ಅದಕ್ಕೇ ದಿನವೂ ಕೇಳಲಿಲ್ಲ, ವಾರಕ್ಕೊಂದು ದಿನ ಕೇಳಿದೆ. ಅವರು ಬರಲಾಗದ ವಾರ ದೂರದಿಂದಲೇ ವೈದ್ಯರನ್ನು ಕಾಣುವ ಸರ್ಕಾರಿ ಸೇವೆ ಇ-ಸಂಜೀವನಿಯ ಪರದೆಯ ಮೇಲಾದರೂ ಸಿಗಲಿ. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ಅನ್ನು ದಿನವೂ ನುಂಗಿದರೆ ಜೀವಕ್ಕೇ ಕುತ್ತು. ಇಂಥ ಮಾತ್ರೆಯನ್ನು ಅವ್ವನ ಕೈಗಿಟ್ಟು, ಏನಾದರೂ ಆದರೆ ನೂರಾರು ಕಿಲೋಮೀಟರ್ ದೂರ ಬನ್ನಿ ಎನ್ನುವುದು ಚಿಕಿತ್ಸೆಯಲ್ಲ.

ಮತ್ತೊಮ್ಮೆ ಬರೆಯುತ್ತೇನೆ, ಕಡತದಲ್ಲಿ ಕಳೆದುಹೋಗದಿರಲಿ ಎಂದು. ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ತಜ್ಞರು. ಲೂಪಸ್‌ನಂಥ ಕಾಯಿಲೆಯ ಸುಳಿವು ಕೊಡುವ ಎಎನ್‌ಎ ರಕ್ತ ಪರೀಕ್ಷೆ ಅಲ್ಲೇ. ಮಾತ್ರೆ ಅಲ್ಲೇ. ಆಶಾ ನಮೂನೆಯಲ್ಲಿ ಒಂದು ಪ್ರಶ್ನೆ. "ಪರಿಶೀಲಿಸಲಾಗುವುದು" ಎಂಬ ಉತ್ತರ ಬೇಡ, ಅದು ನನ್ನ ಬಳಿ ಈಗಾಗಲೇ ಇದೆ, ಮೊಹರಿನ ಸಮೇತ. ಒಪಿಡಿ ಯಾವ ತಿಂಗಳಿನಿಂದ ಶುರುವಾಗುತ್ತದೆ ಎಂದು ತಿಳಿಸಿ. ಮಗಳನ್ನು ಅಲ್ಲಿಗೇ ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಸ್ ನಿರ್ವಾಹಕ